ಗುರ್ ಅನ್ನೋ ನಾಯಿಗೆ ಬಡಿಗಿ ತೋರಿಸಬ್ಯಾಡ್ರಿ: ನನ್ನ ಅನುಭವ

ಧಾರವಾಡದ ಕೆಲಗೇರಿ ಕಡೆ ನಮ್ಮನಿ. ಸಾಕೋರು ಸಿಗೋ ತನಕ ನಾಯಿಗೋಳನ್ನ ಮನ್ಯಾಗ ಇಟ್ಕೊಂಡು ಜ್ವಾಪಾನ ಮಾಡ್ತೀನ್ರಿ, ಬಹಳ ಮಾಡಿ ಬೀದಿ ನಾಯಿ, ಆಗಾಗ ಯಾರೋ ಬಿಟ್ಟು ಹೋದ ಮುಧೋಳ ನಾಯಿನೂ ಬರ್ತಾವ. ತಂದು ಬಿಡೋರು ಹೇಳೋದು ಒಂದೇ ಮಾತು, "ಭಾಳ ಸಿಟ್ಟಿಂದ ಐತ್ರಿ, ಎರಡು ಬಿಟ್ರ ಸುಮ್ನಾಗ್ತೈತಿ" ಅಂತ. ನಾ ಕಂಡಂಗ ಅದು ಹೆಚ್ಚಾಗಿ ಸಿಟ್ಟಲ್ರಿ, ಅಂಜಿಕಿ.

ಮೊದಲ ಡಾಕ್ಟರ್ ಕಡೆ ಒಯ್ತೀನಿ. ಒಂದು ಕೆಂಪು ನಾಯಿ ತಲಿ ಮುಟ್ಟಿದ್ರ ಸಾಕು ಹಲ್ಲು ಕಿಸೀತಿತ್ತು, ನೋಡಿದ್ರ ಕಿವ್ಯಾಗ ಕೀವು! ನೋವು ಇಳದ ಮ್ಯಾಲ ತಾನ ಬಂದು ನನ್ನ ಮೊಣಕಾಲಿಗೆ ತಲಿ ತಿಕ್ಕಾಕ ಹತ್ತಿತ್ರಿ.

ಹೊಸದಾಗಿ ಬಂದಾಗ ಏನೂ ಕಲಿಸಾಕ ಹೋಗಂಗಿಲ್ಲ. ಪಡಸಾಲಿ ಮೂಲ್ಯಾಗ ಒಂದು ಗೋಣಿಚೀಲ, ನೀರು, ಹೊತ್ತಿಗೆ ಸರಿಯಾಗಿ ಊಟ, ಅಷ್ಟ. ನಾ ಮಾರಿ ಆಕಡೆ ಮಾಡಿ ಸುಮ್ಮನ ಕೂತಿರ್ತೀನಿ, ಅದಕ್ಕ ಮನಸಾದಾಗ ಅದ ಬಂದು ಮೂಸಲಿ. ಮುಧೋಳ ನಾಯಿಗಂತೂ ಹೊಸಬರು ಮೈ ಮುಟ್ಟೋದು ಸೇರಂಗೇ ಇಲ್ರಿ, ಅದನ್ನ ತಾಳ್ಮಿಯಿಂದ ಕಾಯಬೇಕು.

ಊಟದ ತಾಟಿನ ಹತ್ರ ಹೋದ್ರ ಗುರ್ ಅನ್ನೋ ಚಾಳಿ ಭಾಳ ನಾಯಿಗಿರ್ತೈತಿ. ಅದಕ್ಕ ನಾ ಉಪ್ಪು ಖಾರ ಉಳ್ಳಾಗಡ್ಡಿ ಏನೂ ಹಾಕದ ಬರೇ ಕುದಿಸಿದ ಚಿಕನ್ನಿನ ಸಣ್ಣ ಚೂರು ಇಟ್ಕೊಂಡು, ದೂರ ನಿಂತು ತಾಟಿನ ಕಡೆ ಒಂದು ಚೂರು ಒಗದು ಹೊಳ್ಳಿ ಬಂದ್ಬಿಡ್ತೀನಿ. ತಿನ್ನೋದು ನಿಲ್ಲಿಸಿ, ಮೈ ಬಿಗಿ ಮಾಡಿ, ಕಣ್ಣಿನ ಬಿಳಿ ಕಾಣೋಹಂಗ ವಾರಿಗಣ್ಣಿಲೆ ನೋಡಿದ್ರ ನಾ ಭಾಳ ಹತ್ರ ಹೋಗೀನಿ ಅಂತ ಅರ್ಥ, ಹಿಂದ ಸರೀಬೇಕು. ದಿನಾ ಹಿಂಗ ಮಾಡ್ತಾ ಸ್ವಲ್ಪ ಸ್ವಲ್ಪ ಮುಂದ ಹೋದ್ರ, ನಾ ಬರೋದು ಕಸಗೊಳ್ಳಾಕಲ್ಲ ಕೊಡಾಕ ಅಂತ ಅದಕ್ಕ ಖಾತ್ರಿ ಆಗ್ತೈತಿ, ಆಮ್ಯಾಲ ನನ್ನ ಕಂಡ್ರ ಬಾಲ ಆಡಿಸ್ಕೋತ ತಲಿ ಎತ್ತತೈತಿ. ಬಾಯಾಗ ಚಪ್ಪಲ್ ಹಿಡದಾಗೂ ಜಗ್ಗಬ್ಯಾಡ್ರಿ, ಆಕಡೆ ನಾಕು ಚೂರು ಉದುರಸ್ರಿ, ತಾನ ಬಿಡ್ತೈತಿ. ಗುರ್ ಅಂದಿದ್ದಕ್ಕ ಹೊಡದ್ರ ಗುರ್ ಅನ್ನೋದನ್ನ ಬಿಡ್ತೈತಿ ಖರೆ, ಅಂಜಿಕಿ ಹಂಗ ಉಳೀತೈತಿ, ಮುಂದ ಸೂಚನಾ ಕೊಡದ ಸೀದಾ ಬಾಯಿ ಹಾಕ್ತೈತಿ. ಇದನ್ನ ಸಣ್ಣ ಮಕ್ಕಳಿರೋ ಮನಿಯವರಿಗೆ ನಾ ಕೈಮುಗದು ಹೇಳ್ತೀನಿ.

ದೀಪಾವಳಿ ಪಟಾಕಿಗೆ ಕೆಲವು ಮಂಚದ ಕೆಳಗ ಸೇರಿ ನಡುಗ್ತಾವ. ಹಬ್ಬಕ್ಕ ಭಾಳ ಮೊದಲ ಫೋನಿನ್ಯಾಗ ಪಟಾಕಿ ಸಪ್ಪಳ ಕಿವಿಗೆ ಬಿತ್ತೋ ಇಲ್ಲೋ ಅನ್ನೋವಷ್ಟು ಸಣ್ಣಗ ಹಚ್ಚಬೇಕು, ಸಪ್ಪಳ ಮೊದಲ, ಚಿಕನ್ ಆಮ್ಯಾಲ, ಇದು ಉಲ್ಟಾ ಆದ್ರ ಚಿಕನ್ ಕಂಡ್ರ ಸಪ್ಪಳ ಬರ್ತೈತಿ ಅಂತ ಅದಕ್ಕೂ ಅಂಜ್ತೈತಿ. ಕಸಬರಿಗಿಗೆ ಅಂಜೋದಕ್ಕೂ ಹಿಂಗ, ಮೊದಲ ನೆಲದ ಮ್ಯಾಲ ಸುಮ್ಮನ ಬಿದ್ದಿರೋ ಕಸಬರಿಗಿಯಿಂದ ಶುರು.

ಒಯ್ಯೋರಿಗೆ ನಾಯಿ ಜೋಡಿ ಆ ಗೋಣಿಚೀಲಾನೂ ತೊಳೀದ ಹಂಗ ಕೊಡ್ತೀನಿ, ವಾಸನಿ ಗುರುತಿದ್ರ ಹೊಸ ಮನ್ಯಾಗ ರಾತ್ರಿ ಅಳೋದು ಕಡಿಮಿ. ಜೊತಿಗೆ ನಾ ಕರಿಯೋ ಹೆಸರು, ಊಟದ ಹೊತ್ತು, ಏನಕ್ಕ ಅಂಜ್ತೈತಿ ಅನ್ನೋದನ್ನೆಲ್ಲ ಚೀಟಿ ಬರದು ಕೈಯಾಗ ಕೊಡ್ತೀನ್ರಿ.