ಒಂದು ಸಾಲನ್ನು ದಾಟಿದ ಬೆರಳು

ನನ್ನ ಎರಡನೆಯ ಕಾದಂಬರಿಯ ಮೊದಲ ಕರಡನ್ನು ಓದಲು ಕೊಟ್ಟದ್ದು ಒಬ್ಬ ಗೆಳತಿಗೆ. ಆಕೆ ಹಸ್ತಪ್ರತಿಯನ್ನು ಹಿಂದಿರುಗಿಸುತ್ತ, "ಹಿರಿಯಣ್ಣ ಬರುವ ಪುಟಗಳನ್ನೆಲ್ಲ ನಾನು ಬೇಗ ಬೇಗ ತಿರುವಿಬಿಟ್ಟೆ. ಅವನು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಏನು ಮಾಡುತ್ತಾನೆಂದು ಗೊತ್ತಾಗಿಬಿಡುತ್ತದೆ" ಎಂದಳು. ಕಾದಂಬರಿಯ ಅರ್ಧದಷ್ಟು ಪುಟಗಳಲ್ಲಿ ಹಿರಿಯಣ್ಣನೇ ಇದ್ದ. ಹಾಗಾಗಿ ಆ ಮಾತು ಇಡೀ ಪುಸ್ತಕದ ಮೇಲಿನ ತೀರ್ಪೇ ಆಗಿತ್ತು.

ಕಥೆ ಸರಳವಾದದ್ದು. ತಂದೆ ತೀರಿಕೊಂಡ ಮೇಲೆ ಮನೆಯ ಹಿರಿಯ ಮಗ ತನ್ನ ಒಬ್ಬನೇ ತಮ್ಮನಿಂದ ವಿಭಾಗ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಅವನಿಗೆ ಬರಬೇಕಾದ ಪಾಲನ್ನು ತನ್ನದಾಗಿಸಿಕೊಳ್ಳುತ್ತಾನೆ. ಮೊದಲ ಕರಡಿನಲ್ಲಿ ಈ ಹಿರಿಯಣ್ಣ ಕಾಣಿಸಿಕೊಂಡ ಕಡೆಯಲ್ಲೆಲ್ಲ ಕೆಟ್ಟವನಾಗಿಯೇ ಇದ್ದ: ಆಳುಗಳನ್ನು ಗದರುತ್ತಿದ್ದ, ಹೆಂಡತಿಯನ್ನು ಹೀಯಾಳಿಸುತ್ತಿದ್ದ, ಒಬ್ಬನೇ ಇದ್ದಾಗ ತನ್ನ ಜಾಣತನವನ್ನು ನೆನೆದು ನಗುತ್ತಿದ್ದ. ಕೆಟ್ಟತನ ಹೆಚ್ಚಿದಷ್ಟೂ ಪಾತ್ರ ಗಟ್ಟಿಯಾಗುತ್ತದೆ ಎಂದು ನಾನು ನಂಬಿದ್ದೆ. ತಾನು ಕೆಟ್ಟವನೆಂಬುದು ಅವನಿಗೆ ಮೊದಲ ಪುಟದಿಂದಲೇ ಗೊತ್ತಿದ್ದದ್ದು ಅವನ ದೊಡ್ಡ ದೋಷವೆಂದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಎರಡನೆಯ ಕರಡಿನಲ್ಲಿ ನಾನು ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದೆ. ಹಿರಿಯಣ್ಣನಿಗೆ ಒಂದು ದುಃಖದ ಬಾಲ್ಯವನ್ನು ಕೊಟ್ಟೆ. ತಂದೆ ಅವನನ್ನು ಹೊಡೆಯುತ್ತಿದ್ದರು, ತಾಯಿ ಕಿರಿಯವನನ್ನೇ ಹೆಚ್ಚಾಗಿ ಮುದ್ದಿಸುತ್ತಿದ್ದಳು, ಓದಬೇಕೆಂಬ ಅವನ ಆಸೆ ಅರ್ಧಕ್ಕೇ ನಿಂತಿತ್ತು. ಇದನ್ನು ಓದಿದ ಗೆಳತಿ, "ಈಗ ಅವನನ್ನು ಕಂಡರೆ ಪಾಪ ಅನ್ನಿಸುತ್ತದೆ, ಆದರೆ ಅವನ ಭಯವೇ ಹೋಯಿತು" ಎಂದಳು. ಹಳೆಯ ಗಾಯವೊಂದನ್ನು ತೋರಿಸಿ, ಮುಂದಿನದೆಲ್ಲ ಅದರಿಂದಲೇ ಆಯಿತು ಎಂದು ಹೇಳಿದಾಗ ಪಾತ್ರದ ಕೈಯಿಂದ ಅವನ ಕೃತ್ಯವನ್ನೇ ಕಿತ್ತುಕೊಂಡಂತಾಗುತ್ತದೆ. ಕೆಡುಕನ್ನು ಮಾಡಿದವನು ಅವನಾಗಿ ಉಳಿಯದೆ, ಅವನ ಬಾಲ್ಯವೇ ಎಲ್ಲವನ್ನೂ ಮಾಡಿದಂತೆ ತೋರುತ್ತದೆ.

ಹಿಂದಿನ ಕಥೆ ಯಾವಾಗಲೂ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಶಕುನಿಯು ತನ್ನ ತಂದೆಯ ಮೂಳೆಗಳಿಂದ ಪಗಡೆಯ ದಾಳಗಳನ್ನು ಮಾಡಿಕೊಂಡನೆಂಬ ಕಥೆ ವ್ಯಾಸಭಾರತದಲ್ಲಿಲ್ಲ. ಅದು ಜನರ ನಡುವೆ ಬೆಳೆದು ಬಂದದ್ದು. ಆದರೂ ಅದು ನೆನಪಿನಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲುವುದಕ್ಕೆ ಕಾರಣವಿದೆ. ಆ ಕಥೆ ಶಕುನಿಯನ್ನು ಕ್ಷಮಿಸುವುದಿಲ್ಲ, ಅವನ ಗುರಿಯನ್ನೇ ಬದಲಿಸುತ್ತದೆ. ತನ್ನ ಮನೆತನವನ್ನು ಅಳಿಸಿದ ಕೌರವರ ಮೇಲೆಯೇ ಅವನ ಹಗೆಯಿದ್ದರೆ, ಧರ್ಮರಾಯ ಸೋತ ಒಂದೊಂದು ಆಟವೂ ಒಳಗೊಳಗೆ ದುರ್ಯೋಧನನ ಸೋಲಾಗುತ್ತದೆ. ಹಾಗೆ ಮುಂದಿನ ಪ್ರತಿಯೊಂದು ನಡೆಯನ್ನೂ ಬೇರೆಯಾಗಿ ಕಾಣಿಸುವ ಹಿನ್ನೆಲೆಯನ್ನು ಕೊಡುವುದು ನನ್ನಿಂದ ಆಗಿರಲಿಲ್ಲ. ನಾನು ಕೊಟ್ಟದ್ದು ಅನುಕಂಪದ ಅರ್ಜಿಯಷ್ಟೇ.

ಕೆಲವು ತಿಂಗಳು ಬರವಣಿಗೆಯನ್ನು ನಿಲ್ಲಿಸಿ, ನನಗೆ ತೀರ ಇಷ್ಟವಾದ ಖಳರ ಬಳಿಗೆ ಹಿಂದಿರುಗಿದೆ. ಮೊದಲು ತೆರೆದದ್ದು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರನ್ನ ಬರೆದ 'ಗದಾಯುದ್ಧ'. ಇದರ ಇನ್ನೊಂದು ಹೆಸರು 'ಸಾಹಸಭೀಮವಿಜಯ'. ಕವಿ ತನ್ನ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಬರೆದ ಕಾವ್ಯ ಇದಾದ್ದರಿಂದ ಇಲ್ಲಿ ಗೆಲ್ಲಬೇಕಾದವನು, ಹೊಗಳಿಸಿಕೊಳ್ಳಬೇಕಾದವನು ಭೀಮನೇ. ಆದರೆ ಪುಸ್ತಕವನ್ನು ಮುಚ್ಚಿಟ್ಟ ಮೇಲೆ ನನ್ನ ಕಣ್ಣಮುಂದೆ ನಿಲ್ಲುವವನು ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ನಡೆಯುತ್ತಿರುವ ದುರ್ಯೋಧನ. ಅವನು ಅಭಿಮನ್ಯುವಿನ ಶವದ ಮುಂದೆ ನಿಂತು, ವೈರಿಯ ಮಗನಾದ ಆ ಹುಡುಗನ ಪರಾಕ್ರಮವನ್ನು ಮನಸಾರೆ ಹೊಗಳಿ, ಅವನಿಗೆ ಬಂದಂಥ ಸಾವು ತನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ದುಶ್ಶಾಸನನ ದೇಹವನ್ನು ಕಂಡಾಗಲಂತೂ, ತಾಯಿಯ ಹಾಲನ್ನು ಮೊದಲು ಕುಡಿದವನು ನಾನು, ಆಮೇಲೆ ನೀನು, ಎಲ್ಲದರಲ್ಲಿಯೂ ನನ್ನ ಹಿಂದೆಯೇ ಬಂದವನು ಸಾವಿನಲ್ಲಿ ಮಾತ್ರ ನನ್ನನ್ನು ಮೀರಿ ಮುಂದೆ ಹೋದೆಯಲ್ಲ ಎಂದು ಹಂಬಲಿಸುತ್ತಾನೆ.

ಆ ಪದ್ಯವನ್ನು ನಾನು ಹಿಂದೆಯೂ ಎಷ್ಟೋ ಸಲ ಓದಿದ್ದೆ. ಅಣ್ಣತಮ್ಮಂದಿರ ಕಥೆಯನ್ನು ಬರೆಯುತ್ತ ಸೋತು ಕೂತಿದ್ದಾಗ ಓದಿದ್ದರಿಂದ ಈ ಸಲ ಅದು ಬೇರೆಯಾಗಿ ಕೇಳಿಸಿತು. ದುಶ್ಶಾಸನ ಯಾರು, ಅವನು ದ್ರೌಪದಿಗೆ ಏನು ಮಾಡಿದ ಎಂಬುದನ್ನು ನಾವು ಒಂದು ಕ್ಷಣವೂ ಮರೆತಿರುವುದಿಲ್ಲ. ಹಾಗಿದ್ದೂ ದುರ್ಯೋಧನನ ಅಳು ನಿಜವೆನ್ನಿಸುತ್ತದೆ. ಪ್ರೀತಿಯನ್ನು ಕೆಡುಕಿಗೆ ವಿನಾಯಿತಿಯಾಗಿ ಕೊಡದೆ, ಎರಡನ್ನೂ ಒಂದೇ ಎದೆಯಲ್ಲಿ ಇಟ್ಟು ತೋರಿಸುವ ಧೈರ್ಯ ರನ್ನನಿಗಿದೆ. ಸಂಧಿಯ ಮಾತೆತ್ತಿದ ಹಿರಿಯರಿಗೆ ಆ ದುರ್ಯೋಧನ "ನೆಲಕಿರಿವೆನೆಂದು ಬಗೆದಿರೆ? ಛಲಕಿರಿವೆಂ" ಎನ್ನುತ್ತಾನೆ; ನೆಲಕ್ಕಾಗಿ ಹೋರಾಡುತ್ತೇನೆಂದುಕೊಂಡಿರಾ, ನಾನು ಹೋರಾಡುವುದು ಛಲಕ್ಕಾಗಿ ಎಂದು. ಕರ್ಣನನ್ನು ಕೊಲ್ಲಿಸಿದ ಈ ನೆಲ ಇನ್ನು ತನಗೆ ಪಾಳು ಎಂದವನಿಗೆ ರಾಜ್ಯದ ಆಸೆ ತೋರಿಸಿ ಏನು ಪ್ರಯೋಜನ? ನನ್ನ ಹಿರಿಯಣ್ಣನಿಗೆ ಬೇಕಾಗಿದ್ದದ್ದು ಆಸ್ತಿ ಎಂದು ಎರಡು ಕರಡುಗಳ ಉದ್ದಕ್ಕೂ ಬರೆದಿದ್ದ ನನಗೆ, ಆಸ್ತಿಯ ಹಿಂದೆ ಅವನಿಗೆ ನಿಜವಾಗಿ ಬೇಕಾಗಿದ್ದದ್ದೇನು ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಅನಂತರ ಓದಿದ್ದು ನಾಗಚಂದ್ರನ 'ರಾಮಚಂದ್ರಚರಿತಪುರಾಣ'. ಕ್ರಿ.ಶ. 1100ರ ಆಸುಪಾಸಿನ ಈ ಜೈನ ರಾಮಾಯಣದ ರಾವಣ ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂಬ ವ್ರತ ತೊಟ್ಟವನು. ತಾನಾಗಿ ಬಯಸಿ ಬಂದ ಪರಸತಿಗೂ ಬುದ್ಧಿ ಹೇಳಿ ಕಳಿಸಿದವನು. ಸೀತೆಯನ್ನು ಕಂಡಾಗ ಅವನು ಜಾರುವುದನ್ನು ಕವಿ, ಕಡಲು ಕೂಡ ಕಾಲವಶದಿಂದ ಒಮ್ಮೆ ಎಲ್ಲೆ ದಾಟುವುದಿಲ್ಲವೇ ಎಂದು ಕೇಳಿ ಒಪ್ಪಿಸುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಮುಂದಿನ ಭಾಗ. ಸೀತೆಯ ನಿಷ್ಠೆಯನ್ನು ಕಂಡು ರಾವಣನ ಮನಸ್ಸು "ಕದಡಿದ ಸಲಿಲಂ ತಿಳಿವಂದದೆ" ತನ್ನಿಂದ ತಾನೇ ತಿಳಿಯಾಗುತ್ತದೆ. ಅವನಿಗೆ ಪಶ್ಚಾತ್ತಾಪವಾಗುತ್ತದೆ, ಅವಳನ್ನು ರಾಮನಿಗೆ ಒಪ್ಪಿಸಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ಆಡಿಕೊಳ್ಳುತ್ತದೆ. ಆದ್ದರಿಂದ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು, ಆಮೇಲೆ ಒಪ್ಪಿಸುತ್ತೇನೆ ಎಂದುಕೊಳ್ಳುತ್ತಾನೆ. ಆ ಯುದ್ಧದಲ್ಲಿ ಲಕ್ಷ್ಮಣನಿಂದ ಸಾಯುತ್ತಾನೆ.

ನನಗೆ ಗೊತ್ತಿರುವ ಖಳರ ಕಥೆಗಳಲ್ಲಿ ಇದಕ್ಕಿಂತ ನೋವಿನ ಜಾಗ ಇನ್ನೊಂದಿಲ್ಲ. ಹಿಂದಿರುಗುವ ಬಾಗಿಲು ತೆರೆದಿದೆ, ಅದು ತೆರೆದಿರುವುದು ಅವನಿಗೂ ಕಾಣುತ್ತದೆ, ನಮಗೂ ಕಾಣುತ್ತದೆ; ಅವನು ಅದರ ಕಡೆಗೆ ತಿರುಗಿದ್ದಾನೆ ಕೂಡ. ಆದರೂ ಇನ್ನೊಂದೇ ಒಂದು ಕೆಲಸ ಮುಗಿಸಿ ಬರುತ್ತೇನೆಂದು ಹೊರಟುಬಿಡುತ್ತಾನೆ. ನನ್ನ ಕಾದಂಬರಿಯಲ್ಲಿ ಅಂಥ ಬಾಗಿಲೇ ಇರಲಿಲ್ಲ. ಮೊದಲ ಕರಡಿನ ಹಿರಿಯಣ್ಣ ಹಿಂದಿರುಗಲು ಬಯಸುವವನಾಗಿರಲಿಲ್ಲ, ಎರಡನೆಯ ಕರಡಿನವನು ಹಿಂದಿರುಗಬಲ್ಲವನಾಗಿರಲಿಲ್ಲ.

ಖಳನಾಯಕ ತನ್ನ ದೃಷ್ಟಿಯಲ್ಲಿ ತಾನೇ ನಾಯಕ ಎಂಬ ಮಾತನ್ನು ಬರೆಯುವವರೆಲ್ಲ ಕೇಳಿರುತ್ತಾರೆ. ನಾನೂ ಕೇಳಿದ್ದೆ. ಅದನ್ನು ಒಪ್ಪಿಕೊಳ್ಳುವುದು ಸುಲಭ, ಬರೆದು ನೋಡುವುದು ಕಷ್ಟ. ಒಂದು ನೋಟುಪುಸ್ತಕವನ್ನು ತಂದು, ಹಿರಿಯಣ್ಣನೇ ತನ್ನ ಕೈಯಾರೆ ಬರೆದಂತೆ ಮನೆಯ ಕಥೆಯನ್ನು ಮೊದಲಿನಿಂದ ಬರೆಯತೊಡಗಿದೆ. ನಾನು ಹಾಕಿಕೊಂಡಿದ್ದ ನಿಯಮ ಒಂದೇ: ಅವನು ಸುಳ್ಳು ಹೇಳಬಾರದು. ಮೂರು ವಾರಗಳಲ್ಲಿ ಸುಮಾರು ನಲವತ್ತು ಪುಟಗಳಾದವು. ಅದರಲ್ಲಿ ಒಂದು ವಾಕ್ಯವೂ ನೇರವಾಗಿ ಕಾದಂಬರಿಗೆ ಹೋಗಲಿಲ್ಲ, ಆದರೆ ಕಾದಂಬರಿ ಬದಲಾದದ್ದು ಅದರಿಂದಲೇ. ತಂದೆ ಹಾಸಿಗೆ ಹಿಡಿದ ಹದಿನೇಳು ವರ್ಷ ಮನೆಯನ್ನು ನಡೆಸಿದವನು ಹಿರಿಯಣ್ಣ. ಸಾಲ ತೀರಿಸಿದವನು, ತಮ್ಮನನ್ನು ಓದಿಸಿದವನು ಅವನೇ. ತಮ್ಮ ಹಬ್ಬಕ್ಕೆ ಬಂದು ಹೋಗುವ ನೆಂಟನಂತೆ ಇದ್ದ. ಈ ಹದಿನೇಳು ವರ್ಷಗಳನ್ನು ಯಾರೂ ಎಂದೂ ಬಾಯಿ ಬಿಟ್ಟು ಗುರುತಿಸಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ಲೆಕ್ಕ ಚುಕ್ತಾ ಆಗುವುದು. ಅವನ ಲೆಕ್ಕ ಸರಿಯಾಗಿತ್ತು. ವಸೂಲಿಯ ದಾರಿಯಷ್ಟೇ ಅನ್ಯಾಯದ್ದಾಗಿತ್ತು. ಬರೆಯುತ್ತಿದ್ದ ನನಗೇ ಕೆಲವು ಪುಟಗಳಲ್ಲಿ ಅವನಿಗೆ ಉತ್ತರ ಕೊಡಲಾಗಲಿಲ್ಲ. ಆ ಪುಟಗಳನ್ನು ತಲುಪಿದಾಗ ನನಗೆ ಮೊದಲ ಸಲ ಅವನ ಭಯವಾಯಿತು.

ನೋಟುಪುಸ್ತಕದಲ್ಲಿ ಅನಿರೀಕ್ಷಿತವಾಗಿ ಸಿಕ್ಕಿದ ಇನ್ನೊಂದು ವಿವರವಿದೆ. ತಮ್ಮನಿಗೆ ಅಕ್ಷರ ಕಲಿಸಿದವನು ಹಿರಿಯಣ್ಣ. ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ತನ್ನ ತೋರುಬೆರಳನ್ನು ಸರಿಸುತ್ತ, ಒಂದೊಂದೇ ಪದವನ್ನು ಅವನಿಂದ ಓದಿಸುತ್ತಿದ್ದ.

ಸಹಿಯ ದೃಶ್ಯವನ್ನು ಈ ಬೆರಳು ಬದಲಿಸಿತು. ಹಿಂದಿನ ಕರಡುಗಳಲ್ಲಿ ತಮ್ಮ ಜ್ವರದಲ್ಲಿ ಮಲಗಿದ್ದಾಗ ಹಿರಿಯಣ್ಣ ಮೋಸದಿಂದ ಸಹಿ ಹಾಕಿಸಿಕೊಳ್ಳುತ್ತಿದ್ದ. ಈಗ ತಮ್ಮ ಆರೋಗ್ಯವಾಗಿದ್ದಾನೆ. ರಾತ್ರಿ ತಾನಾಗಿಯೇ ಅಣ್ಣನ ಕೋಣೆಗೆ ಬಂದು, "ಇಷ್ಟು ವರ್ಷ ಎಲ್ಲ ನೀನೇ ನೋಡಿಕೊಂಡೆ ಅಣ್ಣ. ನಾನು ಒಂದು ದಿನವೂ ಕೇಳಲಿಲ್ಲ. ನೀನು ಹೇಗೆ ಬರೆಸಿದ್ದರೂ ಸರಿ" ಎನ್ನುತ್ತಾನೆ. ಹದಿನೇಳು ವರ್ಷ ಕಾದ ಮಾತು ಬಂದೇಬಿಟ್ಟಿದೆ, ಬೇಕಾಗಿದ್ದದ್ದು ಸಿಕ್ಕಿದೆ, ಪತ್ರವನ್ನು ಹರಿದು ಹಾಕಬಹುದು. ಹಿರಿಯಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಎಂದು ಕೇಳುತ್ತಾನೆ. ಆಮೇಲೆ ಪತ್ರವನ್ನು ದೀಪದ ಹತ್ತಿರ ಸರಿಸಿ, ಹಳೆಯ ಅಭ್ಯಾಸದಂತೆ ಸಾಲಿನ ಕೆಳಗೆ ಬೆರಳನ್ನಿಟ್ಟು ಗಟ್ಟಿಯಾಗಿ ಓದಿ ಹೇಳುತ್ತ ಹೋಗುತ್ತಾನೆ. ಎರಡನೆಯ ಹಾಳೆಯಲ್ಲಿ ಬೆರಳು ಒಂದು ಸಾಲಿನಿಂದ ಮೇಲೆದ್ದು ಅದರ ಮುಂದಿನ ಸಾಲಿನ ಮೇಲೆ ಇಳಿಯುತ್ತದೆ. ದನಿ ಎಲ್ಲಿಯೂ ತಡವರಿಸುವುದಿಲ್ಲ.

ಈ ಎರಡೂವರೆ ಪುಟಗಳನ್ನು ಹನ್ನೊಂದು ಸಲ ಬರೆದೆ. ಮೊದಲ ಕೆಲವು ಸಲ ಹಿರಿಯಣ್ಣನ ತಲೆಯೊಳಗೆ ಏನು ನಡೆಯುತ್ತಿತ್ತೆಂದು ವಿವರಿಸುತ್ತಿದ್ದೆ: ಪಶ್ಚಾತ್ತಾಪ, ಸಿಟ್ಟು, ಇಷ್ಟು ತಡವಾಗಿ ಬಂದ ಕೃತಜ್ಞತೆಯ ಬಗ್ಗೆ ತಿರಸ್ಕಾರ. ಒಂದೊಂದು ವಿವರಣೆಯೂ ಓದುಗನ ಕೆಲಸವನ್ನು ಕಿತ್ತುಕೊಳ್ಳುತ್ತಿತ್ತು. ಕೊನೆಗೆ ಅವೆಲ್ಲವನ್ನೂ ತೆಗೆದು ಬೆರಳು, ದನಿ, ಊಟದ ಪ್ರಶ್ನೆ ಇಷ್ಟನ್ನೇ ಉಳಿಸಿದೆ.

ಬೇರೊಂದು ಬಗೆಯ ಖಳನಿಂದಲೂ ಕಲಿಯಲು ಹೋಗಿದ್ದೆ, ಅದು ನನಗೆ ಅಷ್ಟಾಗಿ ಒದಗಲಿಲ್ಲ. ಷೇಕ್ಸ್‌ಪಿಯರನ 'ಒಥೆಲೊ' ನಾಟಕದ ಇಯಾಗೊ ತನ್ನ ಸಂಚನ್ನು ಸ್ವಗತಗಳಲ್ಲಿ ಪ್ರೇಕ್ಷಕರಿಗೆ ಮೊದಲೇ ಹೇಳಿಬಿಡುತ್ತಾನೆ. ನಾಟಕದಲ್ಲಿ ನಾಯಕನಿಗಿಂತಲೂ ಹೆಚ್ಚು ಸಾಲುಗಳು ಅವನಿಗಿವೆ. ನಮಗೆ ಗೊತ್ತಿದ್ದೂ ಒಥೆಲೊನನ್ನು ಎಚ್ಚರಿಸಲಾರದೆ ಕೂತಿರುವುದರಿಂದ, ನಾವೇ ಸಂಚಿನ ಪಾಲುದಾರರಾದ ಹಾಗೆ ಭಾಸವಾಗುತ್ತದೆ. ಇದೇ ಆಸೆಯಿಂದ ಕೆಲವು ಅಧ್ಯಾಯಗಳನ್ನು ಹಿರಿಯಣ್ಣನ ಬಾಯಿಂದಲೇ ಹೇಳಿಸಿ ನೋಡಿದಾಗ, ಅವನು ಅಷ್ಟು ಮಾತನಾಡುವ ಮನುಷ್ಯನೇ ಅಲ್ಲವೆಂದು ತಿಳಿಯಿತು. ಇಯಾಗೊನಿಂದ ನಾನು ಉಳಿಸಿಕೊಂಡದ್ದು ಅವನ ಕೊನೆಯನ್ನು. ಹೀಗೇಕೆ ಮಾಡಿದೆ ಎಂಬ ಒಥೆಲೊನ ಪ್ರಶ್ನೆ ಬಂದಾಗ, ಇನ್ನು ಮುಂದೆ ಒಂದು ಮಾತನ್ನೂ ಆಡುವುದಿಲ್ಲವೆಂದು ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ನನ್ನ ಕಾದಂಬರಿಯಲ್ಲಿ ಮೋಸ ಹೊರಬಿದ್ದ ಮೇಲೆ ಹಿರಿಯಣ್ಣನಿಗೆ ಪಾರ್ಶ್ವವಾಯು ಬಡಿಯುವ ಒಂದು ಅಧ್ಯಾಯವಿತ್ತು. ಅದನ್ನು ಪೂರ್ತಿಯಾಗಿ ತೆಗೆದುಹಾಕಿದೆ. ಈಗ ಅವನು ಕ್ಷಮೆ ಕೇಳುವುದಿಲ್ಲ, ವಾದಿಸುವುದೂ ಇಲ್ಲ. ಹದಿನೇಳು ವರ್ಷಗಳ ಖರ್ಚಿನ ಪುಸ್ತಕಗಳನ್ನು ತಂದು ತಮ್ಮನ ಮುಂದಿಟ್ಟು ಹೊರಗೆ ಹೋಗುತ್ತಾನೆ.

ಒಂದು ಅಪಾಯದ ಬಗ್ಗೆ ಹೇಳಲೇಬೇಕು, ಏಕೆಂದರೆ ನಾನು ಅದರಲ್ಲಿ ಬಿದ್ದೆ. ನೋಟುಪುಸ್ತಕ ಮುಗಿದ ಮೇಲೆ ನನಗೆ ಹಿರಿಯಣ್ಣನ ಮೇಲೆ ಎಷ್ಟು ಮೋಹ ಬೆಳೆದಿತ್ತೆಂದರೆ, ಮೂರನೆಯ ಕರಡಿನಲ್ಲಿ ತಮ್ಮನ ಹೆಂಡತಿ ಬರಿಯ ನೆರಳಾಗಿಬಿಟ್ಟಿದ್ದಳು. ಪಾಲು ಕಳೆದುಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಸಂಸಾರ ತೂಗಿಸಿದವಳು ಅವಳು, ಕಾದಂಬರಿಯ ಅತಿ ದೊಡ್ಡ ನಷ್ಟ ಅವಳದು. ಕೇಡನ್ನು ಮಾಡಿದವನ ಒಳಗನ್ನು ಇಷ್ಟು ಆಸ್ಥೆಯಿಂದ ತೋರಿಸಿ, ಕೇಡನ್ನು ಉಂಡವರನ್ನು ಎರಡು ಸಾಲಿನಲ್ಲಿ ಮುಗಿಸುವ ಬರವಣಿಗೆ ಅನ್ಯಾಯದ ಪಕ್ಷವನ್ನೇ ವಹಿಸಿದಂತೆ ಎಂದು ನನಗೆ ಖಚಿತವಾಗಿ ಅನ್ನಿಸಿತು. ಅವಳಿಗಾಗಿ ಮೂರು ಅಧ್ಯಾಯಗಳನ್ನು ಹೊಸದಾಗಿ ಬರೆದೆ. ಅವುಗಳಲ್ಲೊಂದರಲ್ಲಿ ಅವಳು ಹಿರಿಯಣ್ಣನ ಎದುರು ನಿಂತು, "ಭಾವ, ನೀವು ಮಾಡಿದ್ದನ್ನೆಲ್ಲ ನಾನು ಅಲ್ಲ ಅನ್ನೋದಿಲ್ಲ. ಆದರೆ ನನ್ನ ಮಕ್ಕಳು ನಿಮಗೇನು ಬಾಕಿ ಇದ್ದರು?" ಎಂದು ಕೇಳುತ್ತಾಳೆ. ನಲವತ್ತು ಪುಟಗಳಲ್ಲಿ ಹಿರಿಯಣ್ಣ ಹೂಡಿದ ವಾದಕ್ಕೆ ನನ್ನಿಂದ ಕೊಡಲಾಗದ ಉತ್ತರವನ್ನು ಅವಳು ಕೊಟ್ಟಳು. ಅದನ್ನು ಬರೆದ ಮೇಲೆ ಹಿರಿಯಣ್ಣ ಇನ್ನಷ್ಟು ದೊಡ್ಡವನಾಗಿ ಕಂಡ. ಅವನ ಲೆಕ್ಕಕ್ಕೆ ನಿಜವಾದ ಎದುರಾಳಿ ಸಿಕ್ಕಿದ್ದು ಆಗಲೇ.

ನಾಲ್ಕನೆಯ ಕರಡನ್ನು ಓದಿದ ಗೆಳತಿ ಹಿರಿಯಣ್ಣನ ಪಾತ್ರ ಚೆನ್ನಾಗಿದೆ ಎಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿ, "ಬೆರಳು ದಾಟಿಹೋದ ಆ ಸಾಲನ್ನು ಅವನು ಓದಿ ಹೇಳಿದ್ದರೂ ತಮ್ಮ ಸಹಿ ಹಾಕುತ್ತಿದ್ದನಲ್ಲವೇ?" ಎಂದು ಕೇಳಿದಳು. ನಾನು ಆ ಪುಟವನ್ನು ತೆಗೆದು ಮತ್ತೊಮ್ಮೆ ಓದಿದೆ. ತಮ್ಮ ಅಂದು ರಾತ್ರಿ ಆಡಿದ್ದ ಮಾತು ಅಲ್ಲಿಯೇ ಇತ್ತು: ನೀನು ಹೇಗೆ ಬರೆಸಿದ್ದರೂ ಸರಿ.

"ಹಾಕುತ್ತಿದ್ದ" ಎಂದೆ. ಅತ್ತ ಕಡೆಯಿಂದ ಆಕೆ ಬಹಳ ಹೊತ್ತು ಮಾತನಾಡಲಿಲ್ಲ.