ಇಗರ್ಜಿಯ ತೋಳು ಸೋರುವುದು ನಿಂತ ಬಗೆ

ಎರಡು ಮಳೆಗಾಲ ಕಳೆದವು, ಇಗರ್ಜಿಯ (ಚರ್ಚಿನ) ಒಳಗೆ ಒಂದು ಹನಿ ಬಿದ್ದಿಲ್ಲ. "ಹಂಚು ತೆಗೆದು ಸ್ಲ್ಯಾಬ್ ಹಾಕಿಸಿ, ಶಿಲುಬೆಯಾಕಾರದ ಮಾಡು ಸೋರದೆ ಇರುವುದಿಲ್ಲ" ಎಂದ ಇಬ್ಬರು ಮೇಸ್ತ್ರಿಗಳೂ ಬಂದು ನೋಡಿ ಹೋದರು.

ಟ್ರಾನ್ಸೆಪ್ಟ್, ಅಂದರೆ ಶಿಲುಬೆಯ ಅಡ್ಡ ತೋಳು, ಉದ್ದನೆಯ ನಡುಸಾಲೆಗೆ ಕೂಡುವಲ್ಲಿ ಮಾಡಿಗೆ ನಾಲ್ಕು ಒಳಮೂಲೆಗಳು. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆಯಲ್ಲಿ ಎರಡು ಮಾಡಿನ ನೀರೂ ಅಲ್ಲಿಗೇ ಇಳಿಯಬೇಕು.

ಮೊದಲ ವರ್ಷ ಮೂಲೆಗೆ ಸಿಮೆಂಟು ಗಾರೆ ಮೆತ್ತಿದೆ. ಏಪ್ರಿಲ್ ಬಿಸಿಲಿಗೇ ಬಿರುಕು ಬಿಟ್ಟಿತು. ಮರುವರ್ಷ ಅಲ್ಯೂಮಿನಿಯಂ ತಗಡು ಹಾಸಿ ಅಂಚಿಗೆ ಅದೇ ಗಾರೆ ಕೊಟ್ಟೆ. ಗಾರೆ ತಗಡನ್ನೇ ತಿಂದಿತು: ಬಿಳಿ ಪುಡಿ, ಅದರಡಿ ಸೂಜಿಮೊನೆಯಷ್ಟು ತೂತುಗಳು. ಸುಮಾರು ಮೂವತ್ತೈದು ಸಾವಿರ ಹೋಯಿತು, ಅರ್ಧ ನನ್ನ ಕೈಯಿಂದ. ಮಾಡಿನ ನೆತ್ತಿಗೆ ಹೊದಿಸುವ ಕೋಳಿಹಂಚನ್ನು ಮಗುಚಿ ದೋಣಿಯಂತೆ ಜೋಡಿಸಿಯೂ ನೋಡಿದೆ. ಚಂದ ಕಂಡಿತು, ಆದರೆ ಸಂದುಗಳಲ್ಲಿ ನೀರು ಇಳಿಯಿತು.

ಗುಟ್ಟು ಬಿಟ್ಟುಕೊಟ್ಟದ್ದು ಅರಿಸಿನ. ನಡುಸಾಲೆಯ ಮಾಡಿನ ಮೇಲೆ ಅರಿಸಿನ ಕಲಸಿದ ನೀರು, ತೋಳಿನ ಕಡೆ ಬರಿ ನೀರು ಬಿಡಿಸಿ ಒಳಗೆ ಟಾರ್ಚ್ ಹಿಡಿದು ನಿಂತೆ. ತೋಳಿನ ಪಕ್ಕಾಸಿನ (ಮಾಡು ಹೊರುವ ಓರೆ ಮರದ) ಮೇಲೆ ಹಳದಿ ಗೆರೆ ಮೂಡಿತು! ಎತ್ತರದ ಮಾಡಿನ ನೀರು ರಭಸದಲ್ಲಿ ತಗಡನ್ನು ಅಡ್ಡ ದಾಟಿ ಎದುರಿನ ಹಂಚಿನಡಿಗೆ ನುಗ್ಗುತ್ತಿತ್ತು. ತಗಡು ಎಷ್ಟೇ ಅಗಲವಿದ್ದರೂ ಚಪ್ಪಟೆಯಾಗಿದ್ದರೆ ಪ್ರಯೋಜನವಿಲ್ಲ.

ಆದ್ದರಿಂದ ತಾಮ್ರದ ತಗಡನ್ನು ನಡುವೆ ಒಂದೂವರೆ ಇಂಚಿನ ಏಣು ಎದ್ದು ನಿಲ್ಲುವಂತೆ ಮಡಿಸಿದೆ. ಎರಡೂ ಅಂಚುಗಳನ್ನು ಒಳಮುಖವಾಗಿ ಮಡಚಿ ತಾಮ್ರದ ಪಟ್ಟಿಯಿಂದ ರೀಪಿಗೆ (ಹಂಚು ಕೂರುವ ಮರದ ಪಟ್ಟಿಗೆ) ಹಿಡಿಸಿದೆ. ತಗಡಿಗೆ ಮೊಳೆಯೇ ಇಲ್ಲ, ಬಿಸಿಲಿಗೆ ಹಿಗ್ಗಲು ಜಾಗ ಬೇಕು. ಮೇಲಿನ ತುಂಡು ಕೆಳಗಿನದರ ಮೇಲೆ ಒಂಬತ್ತು ಇಂಚು ಹೊದ್ದಿದೆ. ಹಂಚಿನ ನಡುವಿನ ತೆರಪು ಮೇಲೆ ಐದು ಇಂಚು, ಕೆಳಗೆ ಬರುತ್ತ ಏಳೆಂಟು. ಗಾರೆ ಎಲ್ಲಿಯೂ ಇಲ್ಲ. ತೋಳಿನ ಮಾಡಿನ ನೆತ್ತಿ ನಡುಸಾಲೆಯ ಇಳಿಜಾರಿಗೆ ತಾಗುವ ತುದಿಯಲ್ಲಿ ತಗಡನ್ನು ಹೇಗೆ ಮಡಚಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನಗೆ ನಾಲ್ಕು ವರ್ಷ ಹಿಡಿದಿದೆ.

ನಾಲ್ಕು ಮೂಲೆಗೆ ತಗಡು, ಕೂಲಿ ಸೇರಿ ಒಂದೂಮುಕ್ಕಾಲು ಲಕ್ಷದ ಆಸುಪಾಸು. ಸ್ಲ್ಯಾಬಿಗೆ ಹೇಳಿದ್ದು ಹದಿನೆಂಟು ಲಕ್ಷ. ಮೈಸೂರಿನ ಸಂತ ಫಿಲೋಮಿನಾ ಇಗರ್ಜಿಯದೂ ಶಿಲುಬೆಯಾಕಾರವೇ. ಅಲ್ಲಿಗೆ ಹೋದಾಗಲೆಲ್ಲ ನನ್ನ ಕಣ್ಣು ಗೋಪುರ ಬಿಟ್ಟು ತೋಳಿನ ಮೂಲೆಗೇ ಹೋಗುತ್ತದೆ.

ಕೆಲಸದಲ್ಲಿ ಇಳಿಸಿದ ಹಂಚುಗಳಲ್ಲಿ ಹಿಂದೆ ಮಂಗಳೂರಿನಲ್ಲಿ ಹಂಚು ಮಾಡುತ್ತಿದ್ದ ಬಾಸೆಲ್ ಮಿಷನ್ ಮುದ್ರೆಯವು ಮುನ್ನೂರರಷ್ಟು ಗಟ್ಟಿಯಾಗಿದ್ದವು. ಒಂದೊಂದನ್ನೂ ಬೆರಳಲ್ಲಿ ತಟ್ಟಿ, ಗಣಗಣ ಎಂದವನ್ನು ತೋಳಿನ ಮೇಲೆಯೇ ಮತ್ತೆ ಹೊದಿಸಿದ್ದೇನೆ.