ಒಂದು ಹೋಬಳಿಯ ಚರಿತ್ರೆ, ಭೂಗೋಳ ಬರೆಯಹೊರಟವರಿಗೆ

ಹೋಬಳಿಯೆಂಬುದು ಪಹಣಿಯ ಮೇಲ್ಭಾಗದಲ್ಲಿ ತಾಲ್ಲೂಕಿಗೂ ಗ್ರಾಮಕ್ಕೂ ನಡುವೆ ಬರುವ ಒಂದು ಹೆಸರಷ್ಟೇ ಎಂದುಕೊಂಡವರು ಅದರ ಚರಿತ್ರೆಗೆ ಕೈಹಾಕುವುದಿಲ್ಲ. ಐರ್ಲೆಂಡಿನಲ್ಲಿ ಕೌಂಟಿಗೂ ಪ್ಯಾರಿಷ್ಷಿಗೂ ನಡುವೆ ಇದೇ ಬಗೆಯಾಗಿ ಇದ್ದ ಬ್ಯಾರನಿಗಳು 1898ರ ಸ್ಥಳೀಯಾಡಳಿತ ಕಾಯ್ದೆಯ ನಂತರ ಆಡಳಿತದಲ್ಲಿ ಕೆಲಸವಿಲ್ಲದಂತಾದರೂ ಹಳೆಯ ಭೂದಾಖಲೆಗಳನ್ನು ಓದುವವರಿಗೆ ಇಂದಿಗೂ ಬೇಕಾಗುತ್ತವೆ. ನಾಡಕಚೇರಿ ಸಮೇತ ಜೀವಂತವಾಗಿರುವ ನಮ್ಮ ಹೋಬಳಿಯನ್ನು ಬರೆಯುವವರೇ ಕಡಿಮೆ. ತುಮಕೂರು ತಾಲ್ಲೂಕಿನ ಊರ್ಡಿಗೆರೆ ಹೋಬಳಿಯನ್ನು ಎದುರಿಗಿಟ್ಟುಕೊಂಡು ಕೆಲಸದ ಕ್ರಮವನ್ನು ಹೇಳುತ್ತೇನೆ.

ಮೊದಲು ರಾಜರನ್ನು ಬದಿಗಿಟ್ಟು ನೀರನ್ನು ಹಿಡಿಯಿರಿ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳಲ್ಲಿ 57 ಜಿ/3 ಎಂಬ ಹಾಳೆಯನ್ನು ಹರಡಿ, ದೇವರಾಯನದುರ್ಗದ ಏಣನ್ನು ಪೆನ್ಸಿಲಿನಿಂದ ಗುರುತಿಸಿಕೊಳ್ಳಿ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಕೊರಟಗೆರೆ, ಮಧುಗಿರಿ ಸೀಮೆಯ ಮೂಲಕ ಉತ್ತರ ಪಿನಾಕಿನಿಯನ್ನು ಸೇರಿದರೆ, ಇಲ್ಲೇ ಹುಟ್ಟುವ ಶಿಂಷಾ ದಕ್ಷಿಣಕ್ಕೆ ತಿರುಗಿ ಕಾವೇರಿಯ ಪಾಲಾಗುತ್ತದೆ. ಹಾಳೆಯಲ್ಲಿ ಒಂದು ಬೆರಳಗಲದಷ್ಟು ಅಂತರದಲ್ಲಿ ಬಿದ್ದ ಮಳೆ ಎರಡು ನದಿಗಳ ಲೆಕ್ಕಕ್ಕೆ ಹೋಗುವುದನ್ನು ಕಂಡಮೇಲೆ, ಯಾವ ಕೆರೆಯ ಕೋಡಿ ಯಾವ ಕೆರೆಗೆ ಬೀಳುತ್ತದೆ ಎಂಬ ಸರಪಳಿಯನ್ನು ಕೆರೆಯ ನೀರು ಬಿಡುವ ಕೆಲಸದ ಊರಿನ ನೀರುಗಂಟಿಯ ಮನೆತನದವರನ್ನು ಕೇಳಿ ತುಂಬಿಸಿಕೊಳ್ಳಬಹುದು.

ಊರ ಹೆಸರುಗಳು ಅನಂತರದ ಕೆಲಸ. ಕ್ಯಾತ್ಸಂದ್ರದಂಥ ಹೆಸರಿನ 'ಸಂದ್ರ'ವು 'ಸಮುದ್ರ'ದ ಸವೆದ ರೂಪ. ಸಮುದ್ರವೆಂದರೆ ಇಲ್ಲಿ ದೊಡ್ಡ ಕೆರೆ. ಗ್ರಾಮಗಳ ಪಟ್ಟಿಯಲ್ಲಿ 'ಬೇಚಿರಾಖ್' ಎಂದು ಕಂಡದ್ದನ್ನು ಮಾತ್ರ ದಾಟಿ ಹೋಗಬೇಡಿ. ದೀಪವಿಲ್ಲದ್ದು, ಅಂದರೆ ಜನವಸತಿ ಇಲ್ಲದ ಊರು, ಎಂಬುದು ಆ ಮಾತಿನ ಅರ್ಥ. ಸರ್ವೆ ನಂಬರುಗಳನ್ನು ನಕ್ಷೆಯ ಮೇಲೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಅದರ ಸರ್ವೆ ನಂಬರುಗಳನ್ನು ಹುಡುಕಿಕೊಂಡು ಹೋದರೆ ರಾಗಿಹೊಲದ ಬದುವಿನಲ್ಲಿ ವಾಲಿದ ವೀರಗಲ್ಲೋ ಬಾಗಿಲವಾಡ ಮಾತ್ರ ಉಳಿದ ಗುಡಿಯೋ ಸಿಕ್ಕರೂ ಸಿಕ್ಕೀತು.

ಶಾಸನಗಳಿಗೆ ಬಿ. ಎಲ್. ರೈಸ್ ಅವರ ಶಾಸನಸಂಪುಟಗಳ ಮಾಲೆ 'ಎಪಿಗ್ರಾಫಿಯ ಕರ್ನಾಟಿಕ'ವೇ ಆಧಾರ: ತುಮಕೂರು ಜಿಲ್ಲೆಗೆ 1904ರ 12ನೆಯ ಸಂಪುಟ, ಕೋಲಾರಕ್ಕೆ 1905ರ 10ನೆಯದು. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಅಲ್ಲಿಯವರೂ ಕೋಲಾರದ ಸಂಪುಟವನ್ನೇ ನೋಡಬೇಕು. ಶಾಸನಗಳನ್ನು ಅಂದಿನ ತಾಲ್ಲೂಕುಗಳ ಪ್ರಕಾರ ಜೋಡಿಸಿರುವುದರಿಂದ ಇಂದಿನ ಹೋಬಳಿಯ ಊರುಗಳನ್ನು ಒಂದೊಂದಾಗಿ ಹೆಕ್ಕುವುದು ಬೇಸರದ ಕೆಲಸವಾದರೂ ಅನಿವಾರ್ಯ. ರಾಜನ ಬಿರುದಾವಳಿಗಿಂತ ದಶವಂದ, ಕಟ್ಟುಕೊಡಗೆ ಎಂಬ ಮಾತುಗಳಿಗೆ ಹೆಚ್ಚು ಗಮನ ಕೊಡಿ. ಕೆರೆ ಕಟ್ಟಿಸಿದವರಿಗೆ ಬಿಟ್ಟುಕೊಟ್ಟ ಭೂಮಿಯ ಸುದ್ದಿ ಅಲ್ಲಿರುತ್ತದೆ.

ಅಚ್ಚಿನ ಪಾಠವನ್ನು ಹಿಡಿದುಕೊಂಡು ಕಲ್ಲಿನ ಮುಂದೆ ನಿಲ್ಲಬೇಕು. ಸೀಮೆಸುಣ್ಣ ಬಳಿಯುವುದು, ತಂತಿಬ್ರಷ್ಷಿನಿಂದ ಉಜ್ಜುವುದು ಎರಡೂ ತಪ್ಪು. ನೀರು ಚಿಮುಕಿಸಿ, ಕತ್ತಲಾಗುವ ಹೊತ್ತಿಗೆ ಟಾರ್ಚನ್ನು ಕಲ್ಲಿಗೆ ತಾಗಿಸಿದಂತೆ ಪಕ್ಕದಿಂದ ಹಿಡಿದರೆ, ಹಗಲಲ್ಲಿ ಬರಿಯ ಗುಳಿಗಳಂತಿದ್ದವು ನೆರಳು ತುಂಬಿಕೊಂಡು ಅಕ್ಷರಗಳಾಗಿ ಏಳುತ್ತವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ.

ಸ್ಥಳಪುರಾಣವನ್ನು ಬಿಡಬೇಡಿ, ಬೆರೆಸಲೂ ಬೇಡಿ. ನಾಮದ ಚಿಲುಮೆಯಲ್ಲಿ ರಾಮನು ಬಾಣದಿಂದ ನೀರು ತಂದನೆಂಬುದನ್ನು ಜನರ ಮಾತೆಂದೇ ಬರೆದು, ದೇವರಾಯನದುರ್ಗದ ಈಗಿನ ಹೆಸರು ಮೈಸೂರಿನ ಚಿಕ್ಕದೇವರಾಜ ಒಡೆಯರಿಂದ (1673–1704) ಬಂದದ್ದೆಂಬುದನ್ನು ಬೇರೆ ಪ್ಯಾರಾದಲ್ಲಿ ಇಡಿ.

ಕೊನೆಗೆ ಗಡಿ. ಹೋಬಳಿಯ ಇಂದಿನ ಎಲ್ಲೆಯನ್ನು ಶಾಸನಗಳಲ್ಲಿ ಬರುವ ಹಳೆಯ ಆಡಳಿತ ವಿಭಾಗವಾದ 'ನಾಡಿ'ನ ಎಲ್ಲೆಯೆಂದು ಹಿಗ್ಗಿಸುವ ಚಪಲ ಎಲ್ಲರಿಗೂ ಬರುತ್ತದೆ. ಈ ಸೀಮೆಯನ್ನು ಹಿಂದೆ ಆಳಿದ ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಇಂದು ಆಂಧ್ರದಲ್ಲಿದೆ. ರಾಜಧಾನಿಯೇ ಗಡಿಯಾಚೆ ಉಳಿದಿರುವಾಗ ನಾಡಿನ ಎಲ್ಲೆ ಹೋಬಳಿಯ ಎಲ್ಲೆಗೆ ಸರಿಹೊಂದೀತೆಂದು ನಂಬುವುದು ಹೇಗೆ? ಆದ್ದರಿಂದ ಕಂದಾಯದ ಎಲ್ಲೆಯನ್ನು ಶಾಯಿಯಿಂದ ಎಳೆಯಿರಿ. ನಾಡಿನದನ್ನು ಶಾಸನದಲ್ಲಿ ಹೆಸರು ಸಿಕ್ಕ ಊರುಗಳ ಮೇಲೆ ಮಾತ್ರ ಚುಕ್ಕೆಯಿಟ್ಟು, ನಡುವಿನ ಜಾಗವನ್ನು ಖಾಲಿ ಬಿಡಿ.